ಹೀರೋನ ಎಡಗಾಲು

ಹಿರಿಯೂರು ಬಸ್ ಸ್ಟ್ಯಾಂಡಿನ ಎದುರು ಕಟ್ಟಿದ್ದ ಫ್ಲೆಕ್ಸಿನಲ್ಲಿ ಹೀರೋ ಎಡಗಾಲನ್ನು ಗೇಣುದ್ದ ಮೇಲೆತ್ತಿ ನಿಂತಿದ್ದ. ತಲೆಯ ಮೇಲೆ ಅವನ ಕವಣೆ ಬೆಂಕಿಯ ಚಕ್ರವಾಗಿತ್ತು, ಹೆಗಲಿನ ಕಂಬಳಿ ಯಾವ ಗಾಳಿಗೋ ಹಿಂದಕ್ಕೆ ಹಾರುತ್ತಿತ್ತು, ಎದೆಯ ಮೇಲೆ ಕುರಿ ಕಾಯುವವನಿಗೆ ಇರಬಾರದಷ್ಟು ಎಣ್ಣೆಯ ಹೊಳಪಿತ್ತು, ಕೆಳಗೆ ತಾಲ್ಲೂಕಿನ ಅಭಿಮಾನಿಗಳ ಪುಟ್ಟ ಪುಟ್ಟ ಫೋಟೋಗಳು ಸಾಲಾಗಿ ನಗುತ್ತಿದ್ದವು. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಬೆಂಕಿ ನೋಡುವವರಿದ್ದರು, ಎದೆ ನೋಡುವವರಿದ್ದರು, ತಮ್ಮ ಫೋಟೋ ಎಲ್ಲಿದೆ ಎಂದು ಹುಡುಕುವವರಿದ್ದರು. ಮಾರುತೇಶನ ಕಣ್ಣು ಮಾತ್ರ ಆ ಎಡಗಾಲಿಗೇ ಹೋಗಿ ನಿಲ್ಲುತ್ತಿತ್ತು. ಪಿಚ್ಚರ್ ಬಿಡುಗಡೆಯಾದಾಗಿನಿಂದ ಅದು ಅವನನ್ನು ಬಿಟ್ಟಿರಲಿಲ್ಲ. ಆಟೋಗಳ ಹಿಂಬದಿಯಲ್ಲಿ, ಸಲೂನಿನ ಗಾಜಿನ ಮೇಲೆ, ಅವನದೇ ಶಾಲೆಯ ಮಕ್ಕಳ ನೋಟ್‌ಬುಕ್ಕಿನ ರಟ್ಟಿನ ಮೇಲೆ ಅದೇ ಕಾಲು, ಮೊಣಕಾಲು ಒಂಚೂರು ಒಳಗೆ ಬಾಗಿ, ಹೆಬ್ಬೆರಳು ಕೆಳಕ್ಕೆ ಚಾಚಿ. ಅದು ಹೀರೋನ ಕಾಲಲ್ಲ ಎಂದು ಇಡೀ ಕರ್ನಾಟಕದಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಅದು ಯಲ್ಲದಕೆರೆಯ ಸೂರ್ಯಕಾಂತಿ ಹೊಲದ ಅಟ್ಟಣೆಯ ಮೇಲೆ ಗಿಳಿಗಳಿಗೆ ಹೆದರಿ ನಿಂತಿದ್ದ ಹತ್ತು ವರ್ಷದ ಮಾರುತೇಶನ ಕಾಲು.

ಇವತ್ತು ಅವನು ತೀರ್ಪುಗಾರ. ಪಿಚ್ಚರ್ ನೂರು ದಿನ ಓಡಿದ ಸಂತೋಷಕ್ಕೆ ಅಭಿಮಾನಿ ಸಂಘದವರು ಚಿತ್ರದುರ್ಗದ ಪಕ್ಕ ಮದಕರಿಪುರದ ಬಯಲಿನಲ್ಲಿ ಕವಣೆ ಸ್ಪರ್ಧೆ ಇಟ್ಟಿದ್ದರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲ ಕಡೆಯಿಂದಲೂ ಜನ ಬರುತ್ತಿದ್ದರು. ತೀರ್ಪು ಹೇಳುವುದಕ್ಕೆ ಮಾರುತೇಶನಿಗಿಂತ ಬೇರೆ ಯಾರನ್ನು ಕರೆಯಬೇಕು? ಪಿಚ್ಚರಿನ ಕೊನೆಯಲ್ಲಿ ಹೆಸರುಗಳು ಮೇಲೇರುವಾಗ ಅಡಿಗೆಯವರಿಗೂ ಜನರೇಟರಿನವರಿಗೂ ಸ್ವಲ್ಪ ಮುಂಚೆ 'ಕವಣೆ ತರಬೇತಿ: ಮಾರುತೇಶ್, ದೈಹಿಕ ಶಿಕ್ಷಕರು, ಹಿರಿಯೂರು' ಎಂದು ಬರುತ್ತಿತ್ತು. ಮೊದಲ ದಿನ ಶಾಲೆಯ ಸಹೋದ್ಯೋಗಿಗಳೆಲ್ಲ ಎದ್ದು ಹೋಗದೆ ಅದಕ್ಕಾಗಿಯೇ ಕಾದು ಕೂತಿದ್ದರು. ಹೆಸರು ಬಂದದ್ದೇ ತಡ, ಗಣಿತದ ಮೇಷ್ಟ್ರು ಎರಡು ಬೆರಳು ಬಾಯಿಗಿಟ್ಟು ಎಂಥಾ ಶಿಳ್ಳೆ ಹೊಡೆದರೆಂದರೆ ಮುಂದಿನ ಸಾಲಿನವರು ತಿರುಗಿ ನೋಡಿದ್ದರು. ಆಮೇಲೆ ಶಾಲು, ಹಾರ, ಪೇಟ, ಫಲಕ. ಮನೆಯಲ್ಲಿ ಫಲಕಗಳನ್ನು ಇಡಲು ಜಾಗ ಸಾಲದೆ ಹೆಂಡತಿ ರೋಜಾ ಟೀವಿಯನ್ನೇ ಸರಿಸಿದ್ದಳು. ಅವನಿಗೆ ಇದೆಲ್ಲ ಇಷ್ಟವಾಗಲಿಲ್ಲ ಎಂದರೆ ಸುಳ್ಳು. ಬಹಳ ಇಷ್ಟವಾಗಿತ್ತು. ಶಾಲು ಹೊದಿಸುವಾಗ ಕತ್ತು ತಾನಾಗಿ ಬಾಗುತ್ತಿತ್ತು, ಬಾಗಿದ ಕತ್ತಿಗೆ ನೆಲ ಕಾಣುತ್ತಿತ್ತು, ನೆಲದ ಮೇಲೆ ತನ್ನದೇ ಎಡಗಾಲು ಕಾಣುತ್ತಿತ್ತು, ಅಲ್ಲಿಗೆ ಸಂತೋಷದ ಅರ್ಧ ಹೋಗಿಬಿಡುತ್ತಿತ್ತು. ಬಿಳಿ ಪ್ಯಾಂಟಿನ ಜೇಬಿನಲ್ಲಿದ್ದ ಸೀಟಿಯನ್ನು ಅವನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡ.

"ಏನ್ಲೇ ಮಾರ, ಎಷ್ಟೊತ್ತಾತು ಬಂದು?" ಯಲ್ಲದಕೆರೆಯ ಬಸ್ಸಿನಿಂದ ಇಳಿದ ಅಕ್ಕ ಈರಕ್ಕ ಅಷ್ಟು ದೂರದಿಂದಲೇ ಕೂಗಿದಳು. ಇಡೀ ಸ್ಟ್ಯಾಂಡು ಅವನತ್ತ ನೋಡಿತು. ಹಸಿರು ಅಂಚಿನ ಸೀರೆ, ಮುಡಿಯಲ್ಲಿ ಕನಕಾಂಬರ, ಕಂಕುಳಲ್ಲಿ ಒಂದು ಚೀಲ. ಅವನಿಗಿಂತ ಎಂಟು ವರ್ಷ ದೊಡ್ಡವಳು, ಹೊಲ ಮತ್ತು ಕುರಿ ನೋಡಿಕೊಂಡು ಊರಲ್ಲೇ ಉಳಿದವಳು, ಮೆಲ್ಲಗೆ ಮಾತಾಡುವುದು ಕಾಯಿಲೆಯವರ ಲಕ್ಷಣ ಎಂದು ನಂಬಿದವಳು.

"ಈಗ ಬಂದೆ ಅಕ್ಕ. ನೀನು ನಿಜವಾಗ್ಲೂ ಬರ್ತೀಯ ಅಂತ ಅಂದ್ಕೊಂಡಿರ್ಲಿಲ್ಲ."

"ಬರ್ದೆ ಇರ್ತೀನಾ? ಹೀರೋ ಬರ್ತಾನಂತಲ್ಲ."

"ಅವ್ರೆಲ್ಲಿ ಬರ್ತಾರೆ ಅಕ್ಕ, ಸಂಘದೋರು ಸುಮ್ನೆ ಅಂತಾರೆ."

"ಬಂದ್ರೂ ಬರ್ಬೋದು, ನಿಂಗೇನ್ ಗೊತ್ತು. ಬಂದ್ರೆ ಒಂದ್ ಮಾತು ಕೇಳ್ಬೇಕು ಅವ್ನ." ಅವಳು ಫ್ಲೆಕ್ಸಿನತ್ತ ಕತ್ತೆತ್ತಿ ನೋಡಿದಳು. ಅವಳು ನೋಡಿದ್ದು ಎಲ್ಲಿ ಎಂದು ಅವನಿಗೆ ತಿಳಿಯಲಿಲ್ಲ. "ಎಷ್ಟ್ ಚೆನ್ನಾಗವ್ನೆ ನೋಡು," ಎಂದಳು, ಅಷ್ಟೇ. ದುರ್ಗದ ಬಸ್ಸು ಬಂತು.

ಈರಕ್ಕ ಆ ಪಿಚ್ಚರನ್ನು ಮೂರು ಸಲ ನೋಡಿದ್ದಳು. ಕೊನೆಯಲ್ಲಿ ಹೀರೋ ಸಾಯುವಾಗ ಮೂರು ಸಲವೂ ಅತ್ತುಬಿಟ್ಟೆ ಎನ್ನುತ್ತಿದ್ದಳು. ಹಳೆಯ ಕಾಲದ ಪಾಳೇಗಾರನೊಬ್ಬನ ಕೋಟೆಗೆ ಶತ್ರುಗಳು ಮುತ್ತಿಗೆ ಹಾಕುತ್ತಾರೆ, ಕುರಿ ಕಾಯುವ ಯುವಕನೊಬ್ಬ ತನ್ನ ಜನರನ್ನು ಕಟ್ಟಿಕೊಂಡು ಬರೀ ಕವಣೆಯಿಂದ ಅವರನ್ನು ಹಿಮ್ಮೆಟ್ಟಿಸುತ್ತಾನೆ, ಇಷ್ಟೇ ಕಥೆ. ಒಂದು ಕಡೆ ಅವನ ಕಲ್ಲು ನೇರವಾಗಿ ಫಿರಂಗಿಯ ಬಾಯೊಳಕ್ಕೇ ಹೋಗಿ ಫಿರಂಗಿ ಸಿಡಿಯುತ್ತದೆ. ಅದಕ್ಕೆ ಈರಕ್ಕನ ತಕರಾರಿರಲಿಲ್ಲ. ಚರ್ಮದ ಕವಚಕ್ಕೂ ಹಾರುವ ಕಂಬಳಿಗೂ ತಕರಾರಿರಲಿಲ್ಲ. "ಪಿಚ್ಚರ್ ಅಂದ್ಮೇಲೆ ಅಷ್ಟೂ ಇರ್ಬೇಡ್ವಾ?" ಎನ್ನುತ್ತಿದ್ದಳು. ಕವಣೆ ತಲೆಯ ಮೇಲೆ ಹದಿನೈದು, ಇಪ್ಪತ್ತು ಸುತ್ತು ತಿರುಗುವ ಕಡೆ ಮಾತ್ರ ಅವಳಿಗೆ ಮೈ ಉರಿಯುತ್ತಿತ್ತು. "ಅದೊಂದು ಕೆಟ್ಟೋಯ್ತು ನೋಡು. ನೀನ್ ಸರಿಯಾಗೇ ಹೇಳ್ಕೊಟ್ಟಿರ್ತೀಯ, ಆ ಬೆಂಗಳೂರೋರು ಕೆಡ್ಸಿರ್ತಾರೆ," ಎಂದು ಮೊದಲ ವಾರವೇ ಫೋನಿನಲ್ಲಿ ಹೇಳಿದ್ದಳು. ಅವನು "ಹೂಂ" ಅಂದಿದ್ದ. ಆ "ಹೂಂ" ಎಂಬುದನ್ನು ಅವನು ಅಲ್ಲಿಂದ ಇಲ್ಲಿಯವರೆಗೆ ಹೊತ್ತುಕೊಂಡು ತಿರುಗುತ್ತಿದ್ದ. ಊರಿಗೆ ಹೋಗಲು ಬೇಸರವಾಗುತ್ತಿತ್ತು, ಹೋದಾಗ ಅಕ್ಕ ಯಾರ ಮುಂದಾದರೂ "ನನ್ ತಮ್ಮ ಕಲ್ಸಿದ್ದು ಸರೀನೇ" ಎಂದು ವಾದಕ್ಕೆ ನಿಂತರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಇಡೀ ರಾಜ್ಯ ನಂಬಿದ ಸುಳ್ಳಿಗಿಂತ ಅಕ್ಕನೊಬ್ಬಳು ನಂಬಿದ ಈ ಸುಳ್ಳು ಅವನಿಗೆ ಭಾರವಾಗಿತ್ತು.

ಬಸ್ಸು ಊರು ದಾಟಿ ಹೆದ್ದಾರಿ ಹಿಡಿಯಿತು. ಈರಕ್ಕ ಕಿಟಕಿಯ ಪಕ್ಕ ಕೂತು ಹೊಲಗಳಿಗೆ ಬೆಲೆ ಕಟ್ಟುತ್ತ, ಇದು ಚೆನ್ನಾಗಿ ಬಂದೈತೆ, ಇವನು ಕಳೆ ತೆಗೆಸಿಲ್ಲ, ಎಂದುಕೊಳ್ಳುತ್ತಿದ್ದಳು. ಆಚೆ ಒಂದು ಕಡೆ ಸೂರ್ಯಕಾಂತಿ ಬಂತು. ಮಾರುತೇಶನ ಕಣ್ಣೆದುರಿಗೆ ಹಳೆಯ ಅಟ್ಟಣೆ, ಅದರ ಮೇಲೆ ಹದಿನೆಂಟರ ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾಳೆ. ಕತ್ತಾಳೆ ನಾರಿನಿಂದ ಅವಳೇ ಹೊಸೆದ ಕವಣೆ, ಒಂದು ತುದಿಯ ಕುಣಿಕೆ ನಡುಬೆರಳಿಗೆ, ಇನ್ನೊಂದು ತುದಿ ಹೆಬ್ಬೆರಳಿನ ಅಡಿಗೆ. ಗಿಳಿಗಳ ಹಿಂಡು ಬಂದು ತೆನೆಯ ಮೇಲೆ ಕೂರುವುದಕ್ಕೂ ಅವಳ ಕೈ ಒಂದು ಸಲ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವುದಕ್ಕೂ ಸರಿಹೋಗುತ್ತದೆ. ಒಂದೇ ಬೀಸು. ನಾರಿನ ತುದಿ ಚಟ್ ಎನ್ನುತ್ತದೆ, ಕಲ್ಲು ಹೋದದ್ದು ಕಾಣುವುದಿಲ್ಲ, ಗಿಳಿಗಳು ಬೈದುಕೊಂಡು ಏಳುತ್ತವೆ. ನೀನ್ ಬಿಡು ಈಗ, ಎಂದು ಅವನ ಕೈಗೆ ಕೊಡುತ್ತಾಳೆ. ಅವನು ತಿರುಗಿಸುತ್ತಾನೆ. ಯಾವಾಗ ಬಿಡಬೇಕು ಎಂದು ತಿಳಿಯುವುದಿಲ್ಲ, ಈಗ ಬಿಟ್ಟರೆ ಹಿಂದಕ್ಕೆ ಹೋದೀತು, ಈಗ ಬಿಟ್ಟರೆ ಅಕ್ಕನಿಗೇ ಬಡಿದೀತು, ಇನ್ನೊಂದು ಸುತ್ತು ಆಗಲಿ, ಇನ್ನೊಂದು ಆಗಲಿ, ಹೆದರಿಕೆಗೆ ಎಡಗಾಲು ತಾನಾಗಿ ಮೇಲಕ್ಕೆ ಬರುತ್ತದೆ. "ನೀನ್ ತಿರುಗ್ಸೋದು ಮುಗಿಯೋಗಂಟ ಗಿಳಿ ಕಾಯ್ತಾವೇನ್ಲೇ?" ಅಕ್ಕ ನಕ್ಕು ನಕ್ಕು ಅಟ್ಟಣೆಯ ಗೂಟ ಹಿಡಿದುಕೊಳ್ಳುತ್ತಾಳೆ. ಊರಿನಲ್ಲಿ ಕವಣೆ ಹಿಡಿದವರೆಲ್ಲ ಮೊದಲು ಮಾಡುವ ತಪ್ಪು ಅದು, ಬಿಡಲು ಹೆದರಿದವನು ತಿರುಗಿಸುತ್ತಾನೆ. ಎಲ್ಲರಿಗೂ ಒಂದೆರಡು ತಿಂಗಳಲ್ಲಿ ಅದು ಹೋಗುತ್ತದೆ. ಅವನಿಗೆ ಹೋಗುವಷ್ಟರಲ್ಲಿ ಎರಡು ಬೆಳೆ ಕಳೆದಿತ್ತು. ಹೋಯಿತು ಎಂದೇ ಅವನು ತಿಳಿದಿದ್ದ.

ಶೂಟಿಂಗಿನ ದಿನ ಹೊಸದುರ್ಗದ ಕಡೆಯ ಗುಡ್ಡದ ಮೇಲೆ ಮೂರು ಕ್ಯಾಮೆರಾ, ಕೊಡೆಗಳು, ಕುರ್ಚಿಗಳು, ಸಾಲಾಗಿ ನಿಂತ ಇನ್ನೂರು ಜನ, ನಡುವೆ ಅವನು. ಜಿಲ್ಲೆಯಲ್ಲಿ ನನ್ನಷ್ಟು ಚೆನ್ನಾಗಿ ಬೀಸುವವರಿಲ್ಲ ಎಂದು ಪಿಚ್ಚರಿನವರಿಗೆ ಫೋನಿನಲ್ಲಿ ಹೇಳಿ ಬಂದಿದ್ದ. ಹೇಳುವಾಗ ಅಕ್ಕನ ನೆನಪು ಬಂದಿತ್ತು, ಆದರೆ ಅವಳನ್ನು ಶೂಟಿಂಗಿಗೆ ಕರೆತರುವುದೆಂದರೆ ಹೇಗೆ, ಅವಳು ಎಲ್ಲರ ಮುಂದೆ ಲೇ ಮಾರ ಅಂದುಬಿಟ್ಟರೆ. ಟೊಪ್ಪಿಗೆಯ ಡೈರೆಕ್ಟರು, "ಒಂದ್ಸಲ ತೋರಿಸಿ ಸರ್," ಎಂದ. ಹೀರೋ ಕೈಕಟ್ಟಿ ಹತ್ತಡಿ ದೂರದಲ್ಲಿ ನಿಂತಿದ್ದ, ಶ್ರದ್ಧೆಯಿಂದ, ಒಳ್ಳೆಯ ವಿದ್ಯಾರ್ಥಿಯಂತೆ. ಕವಣೆ ಎತ್ತಿದ್ದಷ್ಟೇ. ಕೈ ಬಿಡಲಿಲ್ಲ. ಈಗ ಬಿಟ್ಟರೆ ಹೀರೋನ ಮುಖಕ್ಕೆ, ಈಗ ಬಿಟ್ಟರೆ ಕ್ಯಾಮೆರಾಗೆ. ಸುತ್ತಿತು, ಸುತ್ತಿತು, ಭುಜ ನೋಯುವವರೆಗೆ ಸುತ್ತಿತು, ಕಲ್ಲು ಕೊನೆಗೆ ಎಲ್ಲಿಗೆ ಹೋಯಿತೋ ಅವನಿಗೇ ಗೊತ್ತಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದವನಿಗೆ ಚಪ್ಪಾಳೆ ಕೇಳಿಸಿತು. "ಇದು! ಇದೇ ನಂಗೆ ಬೇಕಾಗಿದ್ದು!" ಎಂದು ಡೈರೆಕ್ಟರು ಕುರ್ಚಿ ಬಿಟ್ಟು ಎದ್ದಿದ್ದ. ಆಮೇಲೆ ಹತ್ತಿರ ಬಂದು, ನಿಜವಾದ ಕಾಳಜಿಯಿಂದಲೇ ಕೇಳಿದ್ದ: "ಇದು ಒರಿಜಿನಲ್ಲಾ ಸರ್? ನಿಮ್ಮ ಹಿರೀಕರು ಹೀಗೇ ತಿರುಗಿಸ್ತಿದ್ರಾ? ತಪ್ಪು ತೋರಿಸಬಾರದು ನೋಡಿ, ಹಿಸ್ಟ್ರಿ ವಿಷಯ." ಆ ಮನುಷ್ಯ ಕೇಳಿದ್ದ. ಯಾರನ್ನೂ ದೂರುವಂತಿಲ್ಲದ ಹಾಗೆ ಬಾಯಿಬಿಟ್ಟು ಕೇಳಿದ್ದ. ಮಾರುತೇಶ ಹೌದು ಎಂದಿದ್ದ. ಹೀರೋ ಆ ಮಧ್ಯಾಹ್ನವೆಲ್ಲ ಬೆವರು ಸುರಿಸಿ ಕಲಿತ. ಸುತ್ತು ಕಲಿತ, ಭುಜ ಕಲಿತ, ಯಾರೂ ಹೇಳಿಕೊಡದಿದ್ದರೂ ಎಡಗಾಲನ್ನೂ ಕಲಿತ.

"ಏನ್ಲೇ, ಹಿಂಗ್ ಬೆವರ್ತಿದೀಯ? ಹುಷಾರಿಲ್ವಾ?" ಈರಕ್ಕ ಕೇಳಿದಳು. ಬಿಸಿಲು ಅಂದ. ಅವಳು ಚೀಲದಿಂದ ಸೌತೆಕಾಯಿ ತೆಗೆದು ಮುರಿದು ಅರ್ಧ ಕೊಟ್ಟಳು.

ಮದಕರಿಪುರದ ಬಯಲಿನಲ್ಲಿ ಸ್ಪೀಕರು ಆಗಲೇ ಕಿರುಚುತ್ತಿತ್ತು. ಒಂದು ಕಡೆ ಬಂಡೆ, ಅದರ ಮುಂದೆ ಬಿದಿರಿನ ಗಳುಗಳ ಮೇಲೆ ಬೋರಲು ಹಾಕಿದ ಮಣ್ಣಿನ ಕುಡಿಕೆಗಳು, ಇತ್ತ ಸುಣ್ಣದ ಗೆರೆ, ಗೆರೆಯ ಹಿಂದೆ ಬಹಳ ದೂರ ಹಗ್ಗ ಕಟ್ಟಿ ಜನರನ್ನು ನಿಲ್ಲಿಸಿದ್ದರು. ದೂರದಲ್ಲಿ ಕೋಟೆಯ ಗುಡ್ಡಗಳು ತಮ್ಮ ಪಾಡಿಗೆ ತಾವಿದ್ದವು. ಅಭಿಮಾನಿ ಸಂಘದ ಅಧ್ಯಕ್ಷ ಖಲೀಲುಲ್ಲಾ ಓಡಿ ಬಂದು ತಬ್ಬಿಕೊಂಡ. ದುರ್ಗದ ಪೇಟೆಯಲ್ಲಿ ಅವನದು ಪದಕ, ಫಲಕ, ಟ್ರೋಫಿ ಮಾಡುವ ಅಂಗಡಿ. ಅವನ ಹಿರಿಯರು ಹಿತ್ತಾಳೆ ಕೆಲಸದವರು, ದುರ್ಗದಲ್ಲಿ ಎಷ್ಟು ತಲೆಮಾರಿನಿಂದ ಇದ್ದಾರೋ ಅವನಿಗೇ ಲೆಕ್ಕವಿಲ್ಲ. ಹೀರೋನ ಹುಟ್ಟುಹಬ್ಬಕ್ಕೆ ಊರಿಗೆಲ್ಲ ಕೇಕು ಹಂಚುವ ಮನುಷ್ಯ. "ಬರ್ರಿ ಸರ್, ಬರ್ರಿ, ಕುಂತ್ಕಳ್ರಿ. ನೀವ್ ಬಂದ್ರಿ ಅಂದ್ರೆ ಹೀರೋನೇ ಬಂದಂಗೆ," ಎಂದು ಕೂಗಿ, ಮೇಜಿನ ಮೇಲಿನ ಬಟ್ಟೆ ಸರಿಸಿ ಟ್ರೋಫಿ ತೋರಿಸಿದ. ಮೊಳದುದ್ದದ ಹಿತ್ತಾಳೆಯ ಹೀರೋ, ತಲೆಯ ಮೇಲೆ ಹಿತ್ತಾಳೆಯ ಕವಣೆ. "ನಾನೇ ಕೂತು ಮಾಡಿಸ್ದೆ. ಕಾಲು ನೋಡ್ರಿ ಸರ್, ಹೆಬ್ಬೆರಳು ಸೈತ ಬಿಟ್ಟಿಲ್ಲ, ಪಿಚ್ಚರಲ್ಲಿ ಇದ್ದಂಗೇ ಐತೆ." ಮಾರುತೇಶ ನೋಡಿದ. ಹೆಬ್ಬೆರಳು ನಿಜಕ್ಕೂ ಚೆನ್ನಾಗಿ ಬಂದಿತ್ತು.

ನಿಯಮಗಳನ್ನು ಖಲೀಲುಲ್ಲಾ ಮೈಕಿನಲ್ಲಿ ಹೇಳಿದ. ಕುಡಿಕೆ ಒಡೆಯಬೇಕು. ಗೆರೆ ತುಳಿಯಬಾರದು. ನಮ್ಮ ಹಿರಿಯರು ಯುದ್ಧದಲ್ಲಿ ತಿರುಗಿಸುತ್ತಿದ್ದ ಹಾಗೆ ತಲೆಯ ಮೇಲೆ ಕಡೇಪಕ್ಷ ಐದು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಫೌಲ್, ತೀರ್ಪುಗಾರರು ಸೀಟಿ ಊದುತ್ತಾರೆ. ಜನ ಹೋ ಎಂದರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ ಯಲ್ಲದಕೆರೆಯ ಕರಿಯಣ್ಣ ಊರುಗೋಲು ಎತ್ತಿ, "ಸರಿಯಾಗ್ ಹೇಳ್ದೆ ಕಣಪ್ಪ," ಎಂದ. ಎಂಬತ್ತು ದಾಟಿದ ಮುದುಕ. ಪಿಚ್ಚರ್ ಬರುವವರೆಗೆ ಕವಣೆಯ ವಿಷಯ ಅವನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬಂದ ಮೇಲೆ ಟೀವಿಯವರು ಮೂರು ಸಲ ಅವನ ಮನೆಗೆ ಬಂದು ಹೋಗಿದ್ದರು. "ನಮ್ ತಾತ ತಲೆ ಮ್ಯಾಲೆ ಇಪ್ಪತ್ ಸುತ್ತು ತಿರುಗಿಸ್ತಿದ್ದ, ನಾನೇ ಕಣ್ಣಾರೆ ನೋಡೀನಿ," ಎಂದು ಅವನು ಹೇಳುವಾಗ ಅದರಲ್ಲಿ ಮೋಸ ಕಾಣುತ್ತಿರಲಿಲ್ಲ. ಕಣ್ಣಲ್ಲಿ ನೀರಿರುತ್ತಿತ್ತು. ಅವನಿಗೆ ಆ ತಾತ ನಿಜಕ್ಕೂ ಕಾಣುತ್ತಿದ್ದ, ಇಪ್ಪತ್ತು ಸುತ್ತು ತಿರುಗಿಸುತ್ತ. ತನ್ನ ಒಂದು ಹೆದರಿಕೆ ಸತ್ತುಹೋದ ಮುದುಕನೊಬ್ಬನ ಕೈಯನ್ನೂ ಹೋಗಿ ಹಿಡಿದಿದೆಯಲ್ಲ ಎಂದು ಮೊದಲ ಸಲ ಅದನ್ನು ನೋಡಿದಾಗ ಮಾರುತೇಶ ಎದ್ದು ಟೀವಿ ಆರಿಸಿದ್ದ. ಹಿಂದಿನವರು ಕವಣೆ ಹಿಡಿದು ಯುದ್ಧಕ್ಕೆ ಹೋಗಿದ್ದರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಹೋಗಿದ್ದರೆ ಎಡಗಾಲೆತ್ತಿಕೊಂಡು ಹೋಗಿರಲಾರರು ಎಂದಷ್ಟೇ ಗೊತ್ತಿತ್ತು.

ಸ್ಪರ್ಧೆ ಶುರುವಾಯಿತು. ಹೊಳಲ್ಕೆರೆಯಿಂದ ಬಂದ ಗಟ್ಟಿಮುಟ್ಟಾದ ಯುವಕನೊಬ್ಬ ಗೆರೆಗೆ ಬಂದ, ಕವಣೆ ಎತ್ತಿದ, ಎಡಗಾಲು ಎತ್ತಿದ, ಸುತ್ತಿದ. ಜನ ಒಟ್ಟಿಗೆ ಎಣಿಸಿದರು. ಕಲ್ಲು ಬಂಡೆಯನ್ನೂ ದಾಟಿ ಹೋಯಿತು. ಇನ್ನೊಬ್ಬ ಬಂದ, ಎಡಗಾಲು. ಮತ್ತೊಬ್ಬ, ಎಡಗಾಲು. ಕಾಲೇಜಿನ ಹುಡುಗಿಯರ ಗುಂಪೊಂದು ಹೊಸದುರ್ಗದಿಂದ ಒಂದೇ ಬಣ್ಣದ ಟೀಶರ್ಟು ಹಾಕಿಕೊಂಡು ಬಂದಿತ್ತು, ಅವರದೂ ಎಡಗಾಲು, ಮೊಣಕಾಲು ಒಂಚೂರು ಒಳಗೆ. ಒಬ್ಬರ ಕಲ್ಲು ಸ್ಪೀಕರಿಗೆ ಬಡಿದು ಅದು ಕೊಂಯ್ ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೂವತ್ತು ಜನರಲ್ಲಿ ಕುಡಿಕೆ ಒಡೆದದ್ದು ಇಬ್ಬರು, ಅವರೂ ಬೇರೆಯ ಕುಡಿಕೆಗೆ ಗುರಿಯಿಟ್ಟವರು. ಆದರೂ ಯಾರಿಗೂ ಬೇಸರವಿರಲಿಲ್ಲ. ಮುಖಗಳಲ್ಲಿ ಎಂಥಾ ಹೆಮ್ಮೆ ಇತ್ತು! ಬಿಸಿಲಿನಲ್ಲಿ ಮಾರುತೇಶ ಸೀಟಿ ಕಚ್ಚಿಕೊಂಡು ಕೂತಿದ್ದ. ತನ್ನ ಹತ್ತನೇ ವಯಸ್ಸಿನ ಹೆದರಿಕೆ ಒಬ್ಬೊಬ್ಬರ ಮೈಯಲ್ಲೂ ಎದ್ದು ಬಂದು ಕುಣಿದು ಹೋಗುವುದನ್ನು ನೋಡುತ್ತಿದ್ದ. ಅದರಲ್ಲಿ ಒಂದು ಹಾಳು ಸಂತೋಷವೂ ಇತ್ತು ಎಂಬುದು ಅವನಿಗೆ ಇನ್ನೂ ನಾಚಿಕೆ ತಂದಿತು. ಇಷ್ಟು ಜನ ತನ್ನಂತೆ ನಿಲ್ಲುತ್ತಾರೆ. ಯಾವ ದೊಡ್ಡ ಮನುಷ್ಯನಿಗೆ ಇಷ್ಟು ಕಾಲುಗಳು ಸಿಕ್ಕಿವೆ?

"ಮುಂದಿನ ಹೆಸರು," ಖಲೀಲುಲ್ಲಾ ಕೂಗಿದ, "ಈರಕ್ಕ, ಯಲ್ಲದಕೆರೆ!"

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅಷ್ಟರಲ್ಲಿ ಅಕ್ಕ ಹಗ್ಗ ನುಸುಳಿ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಚೀಲದಿಂದ ತೆಗೆದದ್ದು ಅದೇ ಕತ್ತಾಳೆ ನಾರಿನ ಕವಣೆ, ಅಥವಾ ಅದರ ಮೊಮ್ಮಗಳು, ಅಕ್ಕ ಎರಡು ವರ್ಷಕ್ಕೊಂದು ಹೊಸೆಯುತ್ತಾಳೆ. ಜನ ಶಿಳ್ಳೆ ಹೊಡೆದರು, ಅಜ್ಜಿ ಅಜ್ಜಿ ಎಂದರು. "ಅಜ್ಜಿ ನಿಮ್ಮಮ್ಮ!" ಎಂದು ಅವಳು ತಿರುಗಿ ಕೂಗಿದಳು, ಇನ್ನಷ್ಟು ಶಿಳ್ಳೆ ಬಿತ್ತು. ಬಗ್ಗಿ ಒಂದು ಕಲ್ಲು ಆರಿಸಿ ಸೀರೆಗೆ ಒರೆಸಿದಳು. ಎರಡು ಕಾಲೂ ನೆಲದಲ್ಲಿ. ಕೈ ಒಂದು ಸಲ ಹಿಂದಕ್ಕೆ ಹೋಯಿತು, ಬಂತು. ಚಟ್. ನಡುವಿನ ಕುಡಿಕೆ ಗಳುವಿನ ಮೇಲೆ ಇರಲಿಲ್ಲ.

ಮೊಬೈಲು ಎತ್ತಿ ಹಿಡಿದವರು ಇನ್ನೂ ಶುರುವಾಗಿಲ್ಲ ಎಂದುಕೊಂಡು ಹಿಡಿದೇ ಇದ್ದರು. ಆಮೇಲೆ ಹಿಂದಿನಿಂದ ಯಾರೋ "ತಿರುಗ್ಸೇ ಇಲ್ಲ!" ಎಂದರು. ಅದಕ್ಕೆ ಇನ್ನೊಬ್ಬರು, ಇನ್ನೂ ಹತ್ತು ಜನ, ಕೊನೆಗೆ ಇಡೀ ಬಯಲು: "ಫೌಲ್! ಫೌಲ್!" ಕರಿಯಣ್ಣ ಊರುಗೋಲು ಕುಟ್ಟಿ, "ಹಿರೀಕರ ಪದ್ದತಿ ಅಲ್ಲ ಕಣವ್ವ ಅದು," ಎಂದ. ಖಲೀಲುಲ್ಲಾ ಮೈಕು ಕೆಳಗಿಳಿಸಿ ಮಾರುತೇಶನತ್ತ ನೋಡಿದ. ಪಾಪ, ಅವನಿಗೆ ಸಂಕಟವಾಗಿತ್ತು. "ಚೆನ್ನಾಗ್ ಹೊಡದ್ರು ಸರ್. ಆದ್ರೆ ರೂಲ್ಸು ರೂಲ್ಸೇ. ಪಿಚ್ಚರಲ್ಲಿ ಅಷ್ಟ್ ಕ್ಲಿಯರಾಗಿ ಐತಲ್ಲ. ನೀವೇ ಹೇಳ್ಬೇಕು."

ಸೀಟಿ ಹಲ್ಲಿನ ನಡುವೆ ಇತ್ತು. ಊದಿದರೆ ಮುಗಿಯಿತು. ಅಕ್ಕ ಬೈದುಕೊಂಡು ಹಗ್ಗದಾಚೆ ಹೋಗುತ್ತಾಳೆ, ಊರಲ್ಲಿ ಒಂದು ವಾರ ಹೇಳಿಕೊಂಡು ನಗುತ್ತಾಳೆ, ಆಮೇಲೆ ಮರೆಯುತ್ತಾಳೆ. ಮರೆಯುತ್ತಾಳೆಯೇ? ಅವಳ ಬೀಸು ತಪ್ಪು ಎಂದು ಅವಳ ತಮ್ಮನೇ, ಅವಳ ಕೈಯಲ್ಲೇ ಕಲಿತವನು, ಇಷ್ಟು ಜನರ ಮುಂದೆ ಸೀಟಿ ಊದಿ ಹೇಳಿದ ಎಂಬುದನ್ನು? ಊದದಿದ್ದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕು. ಹೇಳಿದರೆ ಫಲಕಗಳು, ರೋಜಾ ಸರಿಸಿದ ಟೀವಿ, ಗಣಿತದ ಮೇಷ್ಟ್ರ ಶಿಳ್ಳೆ. ಇನ್ನೊಂದು ಸುತ್ತು ಆಗಲಿ, ಇನ್ನೊಂದು ಆಗಲಿ, ಎಂದು ತಲೆಯೊಳಗೆ ಏನೋ ತಿರುಗುತ್ತಿತ್ತು, ಮೇಜಿನ ಕೆಳಗೆ ತನ್ನ ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದಿರುವುದು ಅವನ ಗಮನಕ್ಕೆ ಬಂತು. ಥೂ ನಿನ್ನ, ಎಂದುಕೊಂಡ. ನಲವತ್ತು ದಾಟಿದ ಗಂಡಸು. ಎದ್ದು ಗೆರೆಯ ಹತ್ತಿರ ನಡೆದು ಹೋದ.

"ಊದ್ಲೇ," ಎಂದಳು ಈರಕ್ಕ. ಈ ಸಲ ಮೆಲ್ಲಗೆ, ಅವನಿಗೆ ಮಾತ್ರ ಕೇಳುವಷ್ಟು. "ನಾನೇನ್ ಬೇಜಾರ್ ಮಾಡ್ಕಳಲ್ಲ."

"ಅಕ್ಕ, ಅದು ಬೆಂಗಳೂರೋರು ಕೆಡ್ಸಿದ್ದಲ್ಲ."

"ಗೊತ್ತು ಕಣೋ."

ಅವನು ಅವಳ ಮುಖ ನೋಡಿದ.

"ಮೊದಲ್ನೇ ಸಲ ನೋಡ್ದಾಗ ಗೊತ್ತಾಗ್ಲಿಲ್ಲ, ಅಳ್ತಾ ಇದ್ನಲ್ಲ. ಎರಡ್ನೇ ಸಲ ನೋಡ್ದಾಗ ಹೀರೋ ಕಾಲ್ ಎತ್ತಿದ್ ಕಂಡೆ. ಇದೇನಪ್ಪ, ನಮ್ ಮಾರನ ಕಾಲು ಈ ಪುಣ್ಯಾತ್ಮನಿಗೆ ಎಲ್ಲಿಂದ ಬಂತು ಅಂದ್ಕಂಡೆ. ಥೇಟರಲ್ಲಿ ಎಲ್ಲಾ ಅಳ್ತಾ ಇದ್ರೆ ನಾನ್ ಒಬ್ಳೇ ನಗ್ತಾ ಇದ್ದೆ." ಅವಳು ಈಗಲೂ ನಗುತ್ತಿದ್ದಳು. "ಮೂರ್ನೇ ಸಲ ಹೋಗಿದ್ದೇ ಅದನ್ನ ನೋಡಕ್ಕೆ. ನೀನಾಗೇ ಹೇಳ್ತೀಯ ಅಂತ ಕಾದೆ. ಹೇಳ್ಲಿಲ್ಲ. ಅದ್ಕೇ ಇವತ್ ಬಂದೆ."

ತಿಂಗಳುಗಟ್ಟಲೆ ಹೊತ್ತಿದ್ದ ಭಾರ ಇಳಿಯಿತು ಎಂದು ಅವನಿಗೆ ಆ ಕ್ಷಣಕ್ಕೆ ಅನ್ನಿಸಲಿಲ್ಲ. ಅನ್ನಿಸಿದ್ದು ಸಿಟ್ಟು. ಗೊತ್ತಿದ್ದೂ ಇವಳು ಎಲ್ಲರ ಮುಂದೆ ತನ್ನ ಪರ ವಾದಿಸುತ್ತಿದ್ದಳಲ್ಲ! ಆ ಸಿಟ್ಟಿನಲ್ಲೇ ಅವನು ಖಲೀಲುಲ್ಲಾನ ಕೈಯಿಂದ ಮೈಕು ತೆಗೆದುಕೊಂಡ. "ಫೌಲ್ ಅಲ್ಲ," ಎಂದ. ಸ್ಪೀಕರು ಅದನ್ನು ಕೋಟೆಯವರೆಗೆ ಒಯ್ದಿತು. "ಈರಕ್ಕ ಹೊಡೆದಿದ್ದೇ ಸರಿ. ತಿರುಗ್ಸೋದು ತಪ್ಪು. ಪಿಚ್ಚರಿನೋರ ತಪ್ಪಲ್ಲ, ಅವ್ರು ನನ್ನ ಕೇಳಿದ್ರು. ನನಗೆ ಅವತ್ತು ಬಿಡೋಕೆ ಹೆದರಿಕೆ ಆಗಿತ್ತು. ಅದಕ್ಕೇ ತಿರುಗಿಸ್ದೆ. ಅದನ್ನೇ ಅವರು ಹಿರೀಕರ ಪದ್ಧತಿ ಅಂದ್ಕೊಂಡ್ರು, ನಾನು ಹೌದು ಅಂದೆ."

ಜನಕ್ಕೆ ಇದು ಇಷ್ಟವಾಗಲಿಲ್ಲ. ಗುಜುಗುಜು ಎದ್ದಿತು. ಸುಳ್ಳು, ಅಕ್ಕನಿಗೆ ಕಪ್ ಕೊಡಿಸೋಕೆ ಹೇಳ್ತಾನೆ, ಎಂದು ಒಬ್ಬ ಕೂಗಿದ. ಆ ಹೊಳಲ್ಕೆರೆಯ ಗಟ್ಟಿಮುಟ್ಟು ಯುವಕ ಹಗ್ಗದ ಮೇಲೆ ಬಾಗಿ, "ಹಂಗಾದ್ರೆ ನೀವೇ ಒಂದ್ಸಲ ಬಿಟ್ಟು ತೋರ್ಸಿ ಸರ್!" ಎಂದ. ಅದು ಎಲ್ಲರಿಗೂ ಹಿಡಿಸಿತು. ತೋರ್ಸಿ, ತೋರ್ಸಿ. ಈರಕ್ಕ ಕವಣೆಯನ್ನು ಅವನ ಕೈಗೆ ಕೊಟ್ಟಳು, ಅಟ್ಟಣೆಯ ಮೇಲೆ ಕೊಡುತ್ತಿದ್ದ ಹಾಗೆಯೇ, ಕುಣಿಕೆಯನ್ನು ತಾನೇ ಅವನ ನಡುಬೆರಳಿಗೆ ಸಿಕ್ಕಿಸಿ.

ನಾರು ಒರಟಾಗಿತ್ತು, ಅಕ್ಕನ ಅಂಗೈಯ ಬೆವರಿಗೆ ಸ್ವಲ್ಪ ನೆಂದಿತ್ತು. ಅಷ್ಟು ಜನ ಮೊಬೈಲು ಎತ್ತಿದರು, ಮೂರು ಕ್ಯಾಮೆರಾಕ್ಕೆ ಹೆದರಿದ್ದವನ ಮುಂದೆ ಮುನ್ನೂರು. ಕೈ ಮೇಲಕ್ಕೆ ಹೋಯಿತು. ಭುಜಕ್ಕೆ ಸುತ್ತಬೇಕು ಎನ್ನಿಸಿತು, ಬಹಳ ಎನ್ನಿಸಿತು. ಈಗ ಬಿಟ್ಟರೆ ಸ್ಪೀಕರಿಗೆ, ಈಗ ಬಿಟ್ಟರೆ ಕರಿಯಣ್ಣನಿಗೆ. ತಪ್ಪಿದರೆ ತಪ್ಪಲಿ, ಎಂದುಕೊಂಡ. ತಪ್ಪಿದರೆ ಒಂದು ಕಲ್ಲು ತಪ್ಪುತ್ತದೆ, ಅಷ್ಟೇ ತಾನೆ. ಎಡಗಾಲಿನ ಹೆಬ್ಬೆರಳನ್ನು ಶೂ ಒಳಗೇ ನೆಲಕ್ಕೆ ಒತ್ತಿ ಹಿಡಿದ, ಗಿಳಿಗಳು ತೆನೆಯ ಮೇಲೆ ಕೂತಿವೆ ಎಂದುಕೊಂಡ, ಬಿಟ್ಟ.

ಚಟ್ ಎಂದದ್ದು ಕೇಳಿಸಿತು. ಕುಡಿಕೆಯ ಚೂರುಗಳು ಬಂಡೆಗೆ ಬಡಿದು ಬಿದ್ದ ಸದ್ದು ಆಮೇಲೆ ಕೇಳಿಸಿತು. ಅವನು ಕಣ್ಣು ಮುಚ್ಚಿದ್ದನೆಂದು ಆಗ ಗೊತ್ತಾಯಿತು. ತೆರೆದಾಗ ಈರಕ್ಕ ಎರಡು ಕೈಯೂ ಮೇಲೆತ್ತಿ ಕುಣಿಯುತ್ತಿದ್ದಳು, ಕನಕಾಂಬರ ಜಾರಿ ಹೆಗಲ ಮೇಲೆ ಬಿದ್ದಿತ್ತು, ಬಯಲಿನ ತುಂಬ ಎಂಥಾ ಶಿಳ್ಳೆ! ವೀಡಿಯೋದಲ್ಲಿ ಏನೂ ಸಿಕ್ಕಿಲ್ಲ, ಇನ್ನೊಂದ್ಸಲ ಸರ್, ಇನ್ನೊಂದ್ಸಲ, ಎಂದು ಗೋಗರೆದರು. ಇನ್ನೊಂದು ಸಲ ಬಿಟ್ಟ. ಅದೂ ಒಡೆಯಿತು. ಮೂರನೆಯದು ತಪ್ಪಿತು, ಅದಕ್ಕೂ ಶಿಳ್ಳೆ ಬಿತ್ತು. ಅವನು ನಗುತ್ತಿದ್ದ. ಶಾಲು ಹೊದಿಸಿದಾಗಲೆಲ್ಲ ಅರ್ಧಕ್ಕೇ ನಿಂತುಹೋಗುತ್ತಿದ್ದ ಸಂತೋಷ ಈಗ ನಿಲ್ಲದೆ ಬರುತ್ತಿತ್ತು, ಅಂಗಿ ಬೆವರಿಗೆ ಮೈಗಂಟಿತ್ತು, ಜೋರಾಗಿ ಕೂಗಬೇಕು ಎನ್ನಿಸಿ ಅವನು ಸೀಟಿಯನ್ನೇ ಉದ್ದಕ್ಕೆ ಊದಿದ. ಖಲೀಲುಲ್ಲಾ ಎಷ್ಟಾದರೂ ವ್ಯಾಪಾರಸ್ಥ, ಮೈಕು ಕಸಿದುಕೊಂಡು, "ಈಗ ಎರಡ್ನೇ ಸುತ್ತು! ಒರಿಜಿನಲ್ ಸ್ಟೈಲು! ಒಂದೇ ಬೀಸು, ಎಲ್ರಿಗೂ ಇನ್ನೊಂದ್ ಚಾನ್ಸು!" ಎಂದು ಸಾರಿದ. ಸಾಲು ಮತ್ತೆ ಕಟ್ಟಿತು. ಈರಕ್ಕ ಗೆರೆಯ ಪಕ್ಕ ನಿಂತು ಒಬ್ಬೊಬ್ಬರ ಎಡಗಾಲಿಗೂ ಕೋಲಿನಿಂದ ಮೆಲ್ಲಗೆ ತಟ್ಟುತ್ತ, "ಇಳ್ಸು, ಇಳ್ಸು, ನೆಲ ಏನ್ ಸುಡಲ್ಲ," ಎನ್ನುತ್ತಿದ್ದಳು. ಕೋಲು ಕರಿಯಣ್ಣನದು. ಅದನ್ನು ಅವಳಿಗೆ ಕೊಟ್ಟು ಕುರ್ಚಿಗೆ ಒರಗಿದ್ದ ಮುದುಕನ ಕಣ್ಣಲ್ಲಿ ಮತ್ತೆ ನೀರಿತ್ತು. "ನಮ್ ತಾತನೂ ಹಿಂಗೇ ಕಣಪ್ಪ," ಎಂದು ಪಕ್ಕದವರಿಗೆ ಹೇಳುತ್ತಿದ್ದ, "ಒಂದೇ ಬೀಸು. ನಾನೇ ಕಣ್ಣಾರೆ ನೋಡೀನಿ." ಮಾರುತೇಶ ಅವನನ್ನೇ ಸ್ವಲ್ಪ ಹೊತ್ತು ನೋಡಿದ. ಈ ತಾತನೂ ಇವತ್ತೇ ಹುಟ್ಟಿದವನಿರಬಹುದು. ಇರಲಿ, ಇವನ ಕಾಲಾದರೂ ನೆಲದ ಮೇಲಿದೆ, ಎಂದುಕೊಂಡ. ಬಂಡೆಯ ಮುಂದೆ ಕುಡಿಕೆಗಳು ಒಂದರ ಹಿಂದೊಂದು ಒಡೆಯುತ್ತಿದ್ದವು.

ಸಂಜೆ ಹಿರಿಯೂರಿನ ಬಸ್ಸಿನಲ್ಲಿ ಟ್ರೋಫಿ ಈರಕ್ಕನ ತೊಡೆಯ ಮೇಲಿತ್ತು. ಹೀರೋ ಬರಲಿಲ್ಲ ಎಂಬ ಒಂದು ಕೊರತೆ ಬಿಟ್ಟರೆ ಅವಳು ಪೂರ್ತಿ ಸಂತೋಷದಲ್ಲಿದ್ದಳು. ಬಂದಿದ್ದರೆ ಏನು ಕೇಳಬೇಕು ಅಂತಿದ್ದೆ, ಎಂದು ಮಾರುತೇಶ ಕೇಳಿದ. ಏನಿಲ್ಲ, ನನ್ ತಮ್ಮನ ಕಾಲು ವಾಪಸ್ ಕೊ‌ಡು ಅಂತ ಕೇಳ್ಬೇಕಿತ್ತು, ಎಂದಳು. ಆಮೇಲೆ ಹಿತ್ತಾಳೆಯ ಹೀರೋನನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ತಲೆಯ ಮೇಲಿನ ಕವಣೆಯನ್ನೂ ಗೇಣುದ್ದ ಎದ್ದ ಎಡಗಾಲನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಸೆರಗಿನ ತುದಿಯಿಂದ ಅವನ ಮುಖದ ಧೂಳು ಒರೆಸಿದಳು.

"ಪಾಪ," ಎಂದಳು ಇಡೀ ಬಸ್ಸಿಗೆ ಕೇಳುವಂತೆ. "ಇವ್ನು ಇನ್ನೂ ಬಿಟ್ಟಿಲ್ಲ ನೋಡ್ಲೇ."